ದಂಡ ಹೊಡೆಯುತ್ತ ಕ್ರೊಯೇಷಿಯನ್, ದಂಡೆಯ ಮೇಲೆ ಸೈಕಲ್ ರೇಸು

ಎಲ್ಲರಿಗೂ ನಮಸ್ಕಾರ.

ಯುರೋಪಿನ ಕ್ರೊಯೇಷಿಯಾ ದೇಶದ ಭಾಷೆ ಕ್ರೊಯೇಷಿಯನ್. ಅದನ್ನು ಕಲಿಯಲು ಹೊರಟವರು ಸಾಮಾನ್ಯವಾಗಿ ‘ನಿಮ್ಮ ಹೆಸರೇನು’, ‘ಕಾಫಿಗೆ ಎಷ್ಟು’ ಎಂಬಲ್ಲಿಂದ ಶುರು ಮಾಡುತ್ತಾರೆ. ಅದು ಬೇಡ, ದಂಡ-ಬಸ್ಕಿಯಿಂದ ಶುರು ಮಾಡಿ ಎನ್ನಲು ನಾನಿಲ್ಲಿ ಬಂದಿದ್ದೇನೆ. ಕಸರತ್ತಿನಲ್ಲಿ ಬೇಕಾಗುವ ಮಾತೇ ಮೂರು ಬಗೆಯದು: ಎಣಿಕೆ, ಆಜ್ಞೆ, ದಿಕ್ಕು. ಆ ಭಾಷೆಯಲ್ಲಿ ಕಷ್ಟವೆಲ್ಲ ಅಡಗಿರುವುದೂ ಈ ಮೂರರಲ್ಲೇ.

ಮೊದಲು ಎಣಿಕೆ. ಸ್ಕ್ಲೆಕ್ ಅಂದರೆ ದಂಡ. ಒಂದು ಹೊಡೆದರೆ ‘ಯೆದಾನ್ ಸ್ಕ್ಲೆಕ್’. ಎರಡು, ಮೂರು, ನಾಲ್ಕಕ್ಕೆ ‘ದ್ವಾ ಸ್ಕ್ಲೆಕಾ, ತ್ರಿ ಸ್ಕ್ಲೆಕಾ, ಚೆತಿರಿ ಸ್ಕ್ಲೆಕಾ’. ಐದಕ್ಕೆ ಬಂದ ಕೂಡಲೇ ‘ಪೇತ್ ಸ್ಕ್ಲೆಕೊವಾ’. ಇಪ್ಪತ್ತರವರೆಗೂ ಸ್ಕ್ಲೆಕೊವಾ. ಇಪ್ಪತ್ತೊಂದನೆಯದನ್ನೂ ಹೊಡೆದಿರೋ, ಮತ್ತೆ ಏಕವಚನ: ‘ದ್ವಾದೆಸೆತ್ ಯೆದಾನ್ ಸ್ಕ್ಲೆಕ್’! ‘ಇಪ್ಪತ್ತೊಂದು ದಂಡ’ ಅಂತ ಆರಾಮಾಗಿ ಹೇಳಿ ಮುಗಿಸುವ ನಮಗೆ ಇದು ವಿಚಿತ್ರ. ಆದರೆ ದ್ವಾ, ತ್ರಿ, ಚೆತಿರಿ ಕೇಳಿದಾಗ ದ್ವಿ, ತ್ರಿ, ಚತುರ್ ನೆನಪಾಗದೆ ಇರದು. ಸಂಸ್ಕೃತವೂ, ಕ್ರೊಯೇಷಿಯನ್ ಸೇರಿರುವ ಸ್ಲಾವಿಕ್ ಭಾಷೆಗಳೂ ಒಂದೇ ಮೂಲದ ಕವಲುಗಳು. ಪುಸ್ತಕದ ಪಟ್ಟಿಯಲ್ಲಿ ಈ ನಿಯಮ ತಲೆಗೆ ಹತ್ತುವುದಿಲ್ಲ. ಏದುಸಿರು ಬಿಡುತ್ತ ಎಣಿಸಿದವರಿಗೆ ಒಂದೇ ವಾರದಲ್ಲಿ ನಾಲಿಗೆಗೆ ಕೂರುತ್ತದೆ.

ಆಜ್ಞೆ ನಮಗೆ ಸುಲಭ. ‘ಊದಾಹ್ನಿ’ ಅಂದರೆ ಉಸಿರೆಳೆದುಕೊ, ‘ಇಜ್ದಾಹ್ನಿ’ ಅಂದರೆ ಬಿಡು. ಮೊದಲನೆಯದರ ‘ಊ’ ಒಳಗೆ, ಎರಡನೆಯದರ ‘ಇಜ್’ ಹೊರಗೆ. ಎದುರಿಗಿರುವವರು ಹಿರಿಯರೋ, ಹಲವರೋ ಆದರೆ ಕೊನೆಗೆ ‘ತೆ’ ಸೇರಿಸಿ: ಊದಾಹ್ನಿತೆ. ಎಳೆ, ಎಳೆಯಿರಿ ಎಂಬ ನಮ್ಮ ಲೆಕ್ಕವೇ. ನೀನು-ನೀವು ಭೇದ ಬಲ್ಲ ಕನ್ನಡಿಗರಿಗೆ ಇಲ್ಲಿ ಯಾರೂ ಪಾಠ ಹೇಳಬೇಕಿಲ್ಲ.

ಇನ್ನು ದಿಕ್ಕು. ‘ನಾ ಬಿತ್ಸಿಕ್ಲ್’ ಅಂದರೆ ಸೈಕಲ್ ಮೇಲಕ್ಕೆ, ಹತ್ತುವಾಗ ಹೇಳುವುದು. ‘ನಾ ಬಿತ್ಸಿಕ್ಲು’ ಅಂದರೆ ಸೈಕಲ್ ಮೇಲೆ, ಆಗಲೇ ಕೂತಿರುವಾಗ. ವಿಭಕ್ತಿಗಳು ಏಳು. ಇಂಗ್ಲಿಷಿನ ಮೂಲಕ ಕಲಿಯುವವರು ಇದನ್ನು ಕೇಳಿಯೇ ಹೆದರುತ್ತಾರೆ. ಪ್ರಥಮಾ ದ್ವಿತೀಯಾ ಬಾಯಿಪಾಠ ಮಾಡಿದ ನಮಗೇಕೆ ಹೆದರಿಕೆ? ಇನ್ನೊಂದು ಅನುಕೂಲವೂ ಇದೆ. ಅವರ ಬರಹದಲ್ಲಿ ಸ್ವರವೇ ಇಲ್ಲದೆ ನಿಲ್ಲುವ ‘ರ್’ ಅನ್ನು ಬರೆಯಲು ನಮ್ಮಲ್ಲಿ ಋ ಇದೆ. ಬೃದೊ ಅಂದರೆ ಗುಡ್ಡ, ತೃಚಾತಿ ಅಂದರೆ ಓಡುವುದು, ಕೃಕ್ ಒಂದು ದ್ವೀಪ. ದೇಶದ ಹೆಸರೇ ಹೃವಾತ್‌ಸ್ಕಾ. ನಾವು ಋ ಅನ್ನು ‘ರು’ ಅಂತ ಉಚ್ಚರಿಸುವ ಅಭ್ಯಾಸವನ್ನು ಮಾತ್ರ ಸ್ವಲ್ಪ ಬಿಡಬೇಕು. ಗುಡ್ಡದಿಂದಲೇ ಏರು-ಇಳಿಜಾರಿನ ಮಾತುಗಳೂ ಬಂದಿವೆ: ಉಜ್ಬೃದೊ, ನಿಜ್ಬೃದೊ. ಸೈಕಲ್ ತುಳಿಯುವವರಿಗೆ ಇವೆರಡು ಗೊತ್ತಿದ್ದರೆ ಅರ್ಧ ಭಾಷೆ ಬಂದ ಹಾಗೆ.

ವ್ಯಾಯಾಮಕ್ಕೆ ಅವರು ‘ವ್ಯೆಝ್ಬಾ’ ಎನ್ನುತ್ತಾರೆ. ಅದರ ಹಿಂದೆ ಸ್ವಲ್ಪ ಚರಿತ್ರೆ ಇದೆ. 1862ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ‘ಸೊಕೊಲ್’ ಎಂಬ ಅಂಗಸಾಧನೆಯ ಚಳವಳಿ 1874ರಲ್ಲಿ ಕ್ರೊಯೇಷಿಯಾದ ಈಗಿನ ರಾಜಧಾನಿ ಜಾಗ್ರೆಬ್‌ಗೂ ಬಂತು. ಆಸ್ಟ್ರಿಯಾ-ಹಂಗೇರಿಯ ಆಳ್ವಿಕೆಯಲ್ಲಿ ಮೈ ಬೆಳೆಸುವುದೂ ನಾಡಾಭಿಮಾನ ಬೆಳೆಸುವುದೂ ಜೊತೆಜೊತೆಗೇ ನಡೆದವು. ಸ್ಟಾಕ್‌ಹೋಮ್‌ನಲ್ಲಿ ಓದಿ ಬಂದ ಫ್ರಾನ್ಯೊ ಬೂಚಾರ್ 1894ರಲ್ಲಿ ಜಾಗ್ರೆಬ್‌ನಲ್ಲಿ ವ್ಯಾಯಾಮ ಶಿಕ್ಷಕರಿಗೆ ತರಬೇತಿ ಶುರು ಮಾಡಿದರು. ಆ ದೇಶದ ದೊಡ್ಡ ಕ್ರೀಡಾ ಪ್ರಶಸ್ತಿ ಇವತ್ತಿಗೂ ಅವರ ಹೆಸರಿನಲ್ಲೇ ಇದೆ.

ಸರಿ, ಮೈ ಬೆಚ್ಚಗಾಯಿತು, ರಸ್ತೆಗೆ ಇಳಿಯೋಣ.

2015ರಿಂದ 2018ರವರೆಗೆ ಅಲ್ಲಿ ‘ಟೂರ್ ಆಫ್ ಕ್ರೊಯೇಷಿಯಾ’ ಎಂಬ ಸೈಕಲ್ ರೇಸು ನಡೆಯಿತು. 2017ರಲ್ಲಿ ಅದನ್ನು ಗೆದ್ದವರು ಇಟಲಿಯ ವಿನ್ಚೆಂಜೊ ನಿಬಾಲಿ. 2019ರಿಂದ ಅದರ ಜಾಗಕ್ಕೆ ‘ಕ್ರೋ ರೇಸ್’ ಬಂದಿದೆ. ಟಿವಿಯಲ್ಲಿ ನೋಡಿದರೆ ಹೆಲಿಕಾಪ್ಟರ್ ಕ್ಯಾಮೆರಾ ಸಮುದ್ರವನ್ನು ಬಿಟ್ಟು ಕದಲುವುದಿಲ್ಲ. ನೀಲಿ ನೀರು, ಕೆಂಪು ಹೆಂಚು, ದ್ವೀಪಗಳು. ಅದನ್ನು ನಂಬಬೇಡಿ. ಕಡಲಿನ ಪಕ್ಕದಲ್ಲೇ ಸುಣ್ಣಕಲ್ಲಿನ ಬೆಟ್ಟಗಳು ಗೋಡೆಯಂತೆ ಎದ್ದಿವೆ. ಮಕಾರ್ಸ್ಕಾ ಎಂಬ ಕಡಲೂರಿನ ನೆತ್ತಿಯ ಮೇಲಿರುವ ಬಿಯೊಕೊವೊ ಬೆಟ್ಟದ ತುದಿ, ಸ್ವೆತಿ ಯೂರೆ, 1,762 ಮೀಟರ್ ಎತ್ತರ. ಅಲ್ಲಿಗೂ ಡಾಂಬರು ರಸ್ತೆ ಇದೆ, ಅಲ್ಲಿಗೂ ರೇಸು ಹೋಗಿದೆ.

ಬೆಟ್ಟಕ್ಕಿಂತ ಹೆಚ್ಚಿನ ವೈರಿ ಗಾಳಿ. ವೆಲೆಬಿತ್ ಪರ್ವತಸಾಲಿನ ಆಚೆ ಒಳನಾಡಿನಲ್ಲಿ ತಣ್ಣನೆಯ, ಭಾರವಾದ ಗಾಳಿ ಶೇಖರವಾಗಿ, ಕಣಿವೆಗಳಲ್ಲಿ ನುಗ್ಗಿ ಕಡಲಿಗೆ ಧುಮುಕುತ್ತದೆ. ಅದರ ಹೆಸರು ‘ಬೂರಾ’. ಒಂದೇ ಸಮನೆ ಬೀಸಿದರೆ ಹೇಗೋ ಓರೆಯಾಗಿ ಕೂತು ಹೋಗಬಹುದು. ಇದು ಬಿಟ್ಟು ಬಿಟ್ಟು ಹೊಡೆಯುತ್ತದೆ. ಮಸ್ಲೆನಿತ್ಸಾದ ಸೇತುವೆಯ ಮೇಲೆ ಕಾರು-ಲಾರಿಗಳನ್ನೇ ತಡೆದು ನಿಲ್ಲಿಸುವ ದಿನಗಳಿರುತ್ತವೆ. ‘ಬೂರಾ ಸೆನ್ಯ್‌ನಲ್ಲಿ ಹುಟ್ಟಿ, ರಿಯೆಕಾದಲ್ಲಿ ಮದುವೆಯಾಗಿ, ತ್ರಿಯೆಸ್ತೆಯಲ್ಲಿ ಸಾಯುತ್ತದೆ’ ಎಂದು ಅಲ್ಲಿಯ ಗಾದೆ.

ನನಗೆ ಬಹಳ ಇಷ್ಟದ ವರ್ಷ 2022. ಜುಲೈನಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದಿದ್ದ ಡೆನ್ಮಾರ್ಕಿನ ಯೋನಾಸ್ ವಿಂಗೆಗೋರ್ ಸೆಪ್ಟೆಂಬರ್ ಕೊನೆಗೆ ಕ್ರೋ ರೇಸಿನಲ್ಲಿ ಕಾಣಿಸಿಕೊಂಡರು. ಎದುರಿಗೆ ಸ್ಲೊವೇನಿಯಾದ ಮತೇಯ್ ಮೊಹೋರಿಚ್. ಒಟ್ಟು ಆರು ‘ಎತಾಪಾ’, ಅಂದರೆ ಹಂತಗಳು. ಸಿನ್ಯ್‌ನಿಂದ ಪ್ರಿಮೊಶ್ತೆನ್‌ಗೆ ಬಂದ ಹಂತ ವಿಂಗೆಗೋರ್‌ಗೆ. ಬಿಯೊಗ್ರಾದ್‌ನಿಂದ ತ್ಸ್ರಿಕ್ವೆನಿತ್ಸಾವರೆಗಿನದು ಮೊಹೋರಿಚ್‌ಗೆ. ಒಪಾತಿಯಾದಿಂದ ಗುಡ್ಡದ ಮೇಲಿನ ಹಳೆಯ ಊರು ಲಾಬಿನ್‌ಗೆ ಏರಿದ್ದು ಮತ್ತೆ ವಿಂಗೆಗೋರ್‌ಗೆ. ಜಾಗ್ರೆಬ್‌ನಲ್ಲಿ ಎಲ್ಲ ಮುಗಿದಾಗ, ಆರೂ ಹಂತಗಳ ಒಟ್ಟು ಸಮಯದ ಲೆಕ್ಕದಲ್ಲಿ ಮೊಹೋರಿಚ್ ಗೆದ್ದಿದ್ದರು. ಅಂತರ 1 ಸೆಕೆಂಡ್!

ಇಂಥ ರೇಸಿನ ವೀಕ್ಷಕ ವಿವರಣೆ ಕೇಳಲು ನಾಲ್ಕು ಮಾತು ಸಾಕು. ‘ಗ್ಲಾವ್ನಿನಾ’ ಅಂದರೆ ದೊಡ್ಡ ಗುಂಪು, ‘ಬಿಯೆಗ್’ ಅಂದರೆ ಅದರಿಂದ ತಪ್ಪಿಸಿಕೊಂಡು ಮುಂದೆ ಹೋದವರು, ‘ಉಸ್ಪೊನ್’ ಅಂದರೆ ಏರು, ‘ತ್ಸಿಲ್ಯ್’ ಅಂದರೆ ಗುರಿ, ಕೊನೆಯ ಗೆರೆ. ನಡುದಾರಿಯಲ್ಲಿ ‘ಲೆತೆಚಿ ತ್ಸಿಲ್ಯ್’, ಹಾರುವ ಗುರಿ ಅಂತ ಒಂದು ಬರುತ್ತದೆ. ಅಲ್ಲಿ ಮೊದಲು ದಾಟಿದವರಿಗೆ ಒಟ್ಟು ಸಮಯದಲ್ಲಿ ಕೆಲವು ಸೆಕೆಂಡ್ ಕಳೆಯುವ ಉಡುಗೊರೆ. ಒಂದು ಸೆಕೆಂಡಿನಲ್ಲಿ ತೀರ್ಮಾನವಾಗುವ ರೇಸಿನಲ್ಲಿ ಅದರ ಬೆಲೆ ಎಷ್ಟೆಂದು ನೀವೇ ಯೋಚಿಸಿ.

ನೀವೇ ತುಳಿಯುವುದಾದರೆ, ರಿಯೆಕಾದಿಂದ ದುಬ್ರೊವ್ನಿಕ್ ಕಡೆಗೆ ಸಾಗುವ ಕಡಲ ಹೆದ್ದಾರಿಯನ್ನು ಬೇಸಿಗೆಯಲ್ಲಿ ಮುಟ್ಟಬೇಡಿ. ಪ್ರವಾಸಿಗರ ಕಾರು ಮೈಗೆ ಸವರಿಕೊಂಡೇ ಹೋಗುತ್ತವೆ. ಹೊಸಬರಿಗೆ ಇಸ್ತ್ರಿಯಾ ಪರ್ಯಾಯದ್ವೀಪದ ಪರೆಂಜಾನಾ ವಾಸಿ. 1902ರಿಂದ 1935ರವರೆಗೆ ತ್ರಿಯೆಸ್ತೆ-ಪೊರೆಚ್ ನಡುವೆ ಓಡುತ್ತಿದ್ದ 123 ಕಿಲೋಮೀಟರಿನ ಸಣ್ಣ ರೈಲಿನ ಹಾದಿ ಅದು, ಈಗ ಸೈಕಲ್ ದಾರಿ. ರೈಲಿಗಾಗಿ ಮಾಡಿದ್ದಾದ್ದರಿಂದ ಏರು ಕಡಿದಾಗಿಲ್ಲ, ಸುರಂಗಗಳಿವೆ, ಹಳೆಯ ಸೇತುವೆಗಳಿವೆ. ಟಾರ್ಚು ಇಟ್ಟುಕೊಳ್ಳಿ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು.