ಜಾವಾ ಬೇಡ, ಮಿಷಿಗನ್ ಬೇಕು

ಕೇಳುಗರಿಗೆ ನಮಸ್ಕಾರ.

1846ರಲ್ಲಿ ನೆದರ್ಲೆಂಡ್ಸಿನ ಇಬ್ಬರು ಪಾದ್ರಿಗಳು ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದರು. ನಮ್ಮ ಬಡಜನ ವಲಸೆ ಹೋಗಲಿ, ಆದರೆ ಜಾವಾಕ್ಕಲ್ಲ, ಉತ್ತರ ಅಮೆರಿಕಕ್ಕೆ ಎಂಬುದು ಅದರ ವಾದ. ಬರೆದವರು ಆಲ್ಬರ್ಟಸ್ ವಾನ್ ರಾಲ್ಟೆ ಮತ್ತು ಬ್ರುಮೆಲ್‌ಕಾಂಪ್, ಸಂಬಂಧದಲ್ಲಿ ಷಡ್ಡಕರು.

ಜಾವಾ ಡಚ್ಚರದೇ ವಸಾಹತು. ಹಾಗಿದ್ದೂ ಏಕೆ ಬೇಡವಾಯಿತು? ಅಲ್ಲೂ ಅದೇ ಸರ್ಕಾರ. ತಮ್ಮಿಷ್ಟದಂತೆ ಪ್ರಾರ್ಥನೆ ಮಾಡಿಕೊಳ್ಳಲು ಬಿಡುತ್ತೇವೆಂಬ ಭರವಸೆ ಅದರಿಂದ ಸಿಗಲಿಲ್ಲ.

ಇವರಿಗೆ ಸರ್ಕಾರದ ರುಚಿ ಮೊದಲೇ ಗೊತ್ತಿತ್ತು. 1834ರಲ್ಲಿ ಉಲ್ರಮ್ ಎಂಬ ಹಳ್ಳಿಯ ಪಾದ್ರಿ ಹೆಂಡ್ರಿಕ್ ಡಿ ಕಾಕ್, ದೊರೆಯ ಹಿಡಿತದಲ್ಲಿದ್ದ ಚರ್ಚಿನಿಂದ ತನ್ನ ಸಭೆಯೊಂದಿಗೆ ಹೊರನಡೆದ. ಊರೂರಲ್ಲಿ ಜನ ಅವನ ದಾರಿ ಹಿಡಿದರು. ಅಪ್ಪಣೆಯಿಲ್ಲದೆ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಸೇರಕೂಡದೆಂಬ ನೆಪೋಲಿಯನ್ ಕಾಲದ ಕಾನೂನು ತೋರಿಸಿ ದಂಡ ಹಾಕಿದರು. ಅವರ ಮನೆಗಳಲ್ಲೇ ಸಿಪಾಯಿಗಳನ್ನು ಇಳಿಸಿದರು. ವಾನ್ ರಾಲ್ಟೆಗೆ ಜೈಲೂ ಆಯಿತು.

ಆದರೆ ಹಡಗು ಹತ್ತುವ ಹೊತ್ತಿಗೆ ಈ ಕಾಟ ಬಹುಮಟ್ಟಿಗೆ ತಗ್ಗಿತ್ತು. ಹಿಂಸೆಯೊಂದೇ ಕಾರಣವೆನ್ನುವುದು ಅರ್ಧ ಸತ್ಯ ಎಂದೇ ನನ್ನ ಅನಿಸಿಕೆ. 1845ರಿಂದ ಆಲೂಗಡ್ಡೆಗೆ ರೋಗ ಬಡಿದಿತ್ತು. ಕೂಲಿಕಾರರ ತಟ್ಟೆಯಲ್ಲಿದ್ದುದೇ ಅದು. ಮಕ್ಕಳಿಗೆ ತಮ್ಮ ನಂಬಿಕೆಯ ಶಾಲೆ ತೆರೆಯಲೂ ಸರ್ಕಾರದ ಅಡ್ಡಿ. ಹೊಟ್ಟೆ ಒಂದು ಕಡೆ, ಶಾಲೆ ಇನ್ನೊಂದು ಕಡೆ. ದೇವರ ಮಾತು ಎರಡಕ್ಕೂ ಬಲ ಕೊಟ್ಟಿತು.

ನೂರರ ಆಸುಪಾಸು ಜನ 'ಸದರ್ನರ್' ಹಡಗಿನಲ್ಲಿ 1846ರ ನವೆಂಬರಿನಲ್ಲಿ ನ್ಯೂಯಾರ್ಕ್ ಮುಟ್ಟಿದರು. ಹೊರಟದ್ದು ವಿಸ್ಕಾನ್ಸಿನ್‌ಗೆ. ಚಳಿಗಾಲ ಅವರನ್ನು ಡೆಟ್ರಾಯಿಟಿನಲ್ಲೇ ತಡೆಯಿತು. ವಾನ್ ರಾಲ್ಟೆ ಹಿಮದಲ್ಲೇ ನಡೆದಾಡಿ ಮಿಷಿಗನ್ ಸರೋವರದ ಬಳಿಯ ದಟ್ಟ ಕಾಡನ್ನು ಆರಿಸಿದ. ನೆಲ ಅಗ್ಗ, ಮರ ಧಾರಾಳ, ಕೂಲಿ ಸಿಗುವ ಊರುಗಳು ತೀರ ದೂರವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮವರೆಲ್ಲ ಚದುರದೆ ಒಂದೇ ಕಡೆ ನೆಲೆಸಲು ಜಾಗವಿತ್ತು. ಖಾಲಿ ಕಾಡೇನಲ್ಲ; ಒಡಾವಾ ಜನ ಅಲ್ಲಿದ್ದರು, 1849ರಲ್ಲಿ ಅವರು ಉತ್ತರಕ್ಕೆ ಸರಿದುಹೋದರು.

ಇನ್ನೊಬ್ಬ ಪಾದ್ರಿ ಸ್ಕೋಲ್ಟೆಗೆ ಈ ಆಯ್ಕೆ ಹಿಡಿಸಲಿಲ್ಲ. ಕೊಡಲಿ ಹಿಡಿದು ಅಭ್ಯಾಸವಿಲ್ಲದ ರೈತರಿಗೆ ಕಾಡೇಕೆಂದು, ತನ್ನವರನ್ನು ಅಯೋವಾದ ಹುಲ್ಲುಗಾವಲಿಗೆ ಕರೆದೊಯ್ದು ಪೆಲ್ಲಾ ಊರು ಕಟ್ಟಿದ. ಅವನ ಮಾತಿನಲ್ಲಿ ಹುರುಳಿತ್ತು: ವಾನ್ ರಾಲ್ಟೆಯ 'ಹಾಲೆಂಡ್' ಊರಿನಲ್ಲಿ 1847ರ ಬೇಸಿಗೆಯಲ್ಲೇ ಮಲೇರಿಯಾ ಬಂದು ಅನೇಕರು ಸತ್ತರು.

ಉಳಿದವರು 1851ರಲ್ಲಿ ಅಲ್ಲೊಂದು ಶಾಲೆ ತೆರೆದರು. 1866ರಲ್ಲಿ ಅದೇ ಹೋಪ್ ಕಾಲೇಜಾಯಿತು. ನಡುವೆ, 1857ರಲ್ಲಿ, ಕೆಲವು ಸಭೆಗಳು ಮತ್ತೆ ಬೇರೆ ಚರ್ಚು ಕಟ್ಟಿಕೊಂಡವು. ಈ ಸಲ ದಂಡ ಹಾಕಲು ಯಾರೂ ಬರಲಿಲ್ಲ.