ಫೋಟೋ ಹಾಕಿದಿರಿ, ಊರು ತಾರೀಖು ಎಲ್ಲಿ?

ನಮಸ್ಕಾರ. ಹೋದ ವಾರದ ಸಂಚಿಕೆಯ ಕೆಳಗೆ ನೋಡುಗರೊಬ್ಬರು ಬರೆದ ಮಾತನ್ನು ಮೊದಲು ಓದಿಬಿಡುತ್ತೇನೆ. ಇಂದು ಮಾತನಾಡಬೇಕೆಂದುಕೊಂಡಿದ್ದ ವಿಷಯವೇ ಬೇರೆ. ಅದನ್ನು ಬದಿಗಿಟ್ಟಿದ್ದಕ್ಕೆ ಈ ಎರಡು ಸಾಲುಗಳೇ ಕಾರಣ. “ಸರ್, ಫೋಟೋ ಚೆನ್ನಾಗಿದ್ದರೆ ನೋಡಿ ಖುಷಿಪಡಿ. ಎಲ್ಲಿ ತೆಗೆದದ್ದು, ಯಾವತ್ತು ತೆಗೆದದ್ದು ಅಂತ ಎಲ್ಲರನ್ನೂ ಕೇಳೋಕೆ ನೀವೇನು ಸರ್ವೆ ಇಲಾಖೆಯವರಾ?” ಈ ಮಾತನ್ನು ಬಹಳ ಮಂದಿ ಮೆಚ್ಚಿಕೊಂಡಿದ್ದಾರೆ. ಕೆಲವರು ಅದರ ಕೆಳಗೆ ಚಪ್ಪಾಳೆಯ ಚಿಹ್ನೆಗಳನ್ನೂ ಹಾಕಿದ್ದಾರೆ. ಸರ್ವೆ ಇಲಾಖೆಯವರು ಕೇಳುವುದಿಲ್ಲ ಎಂಬ ಕಾರಣಕ್ಕೇ ನಾನು ಕೇಳುತ್ತಿದ್ದೇನೆ, ಮತ್ತು ಇಂದು ಇನ್ನೂ ಗಟ್ಟಿಯಾಗಿ ಕೇಳಲಿದ್ದೇನೆ.

ನನ್ನ ಮಾತು ಒಂದೇ. ನೀವು ಹಂಚಿಕೊಳ್ಳುವ ಪ್ರತಿಯೊಂದು ಫೋಟೋದ ಕೆಳಗೆ, ಅದು ಹಕ್ಕಿಯದಾಗಲಿ, ಹೂವಿನದಾಗಲಿ, ಮಳೆ ನಿಂತ ಮೇಲೆ ಮನೆಯ ಕಾಂಪೌಂಡಿನ ಮೇಲೆ ಹರಿದಾಡುವ ಬಸವನ ಹುಳುವಿನದಾಗಲಿ, ಎಲ್ಲಿ ತೆಗೆದದ್ದು, ಯಾವ ದಿನ ತೆಗೆದದ್ದು ಎಂಬ ಎರಡು ಸಂಗತಿಗಳನ್ನು ಬರೆಯಿರಿ. ಹುಟ್ಟಿದ ಊರು, ಹೊತ್ತು ಬರೆಯದ ಜಾತಕವನ್ನು ಯಾವ ಜೋಯಿಸರ ಮುಂದಿಟ್ಟರೂ ಅವರು ಅದನ್ನು ಮಡಿಸಿ ಹಿಂದಕ್ಕೆ ಕೊಡುತ್ತಾರೆ. ನಿಮ್ಮ ಫೋಟೋವನ್ನು ನಾಳೆ ಯಾರಾದರೂ ಓದಬೇಕಾದರೆ ಆ ಎರಡು ಸಂಗತಿಗಳು ಅದರ ಜೊತೆಯಲ್ಲೇ ಇರಬೇಕು.

ನಮ್ಮ ಬೆಂಗಳೂರಿನ ಮರಗಳನ್ನೇ ತೆಗೆದುಕೊಳ್ಳಿ. 1908ರಲ್ಲಿ ಈ ಊರಿಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಸಸ್ಯತಜ್ಞ ಕ್ರುಂಬಿಗಲ್ ಅವರು, ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಯಾವುದಾದರೊಂದು ಬೀದಿಯಲ್ಲಿ ಹೂವು ಇರಲೇಬೇಕು ಎಂಬ ಲೆಕ್ಕದಲ್ಲಿ ಮರಗಳನ್ನು ಆರಿಸಿ ನೆಡಿಸಿದವರು. ಚಳಿ ಇಳಿಯುವ ಹೊತ್ತಿಗೆ ಗುಲಾಬಿ ಬಣ್ಣದ ಟಬೆಬುಯಾ, ಅದರ ಹಿಂದೆಯೇ ನೇರಳೆ ಬಣ್ಣದ ಜಕರಂದ, ಯುಗಾದಿಯ ಆಸುಪಾಸಿನಲ್ಲಿ ಹೊಂಗೆ, ಬಿಸಿಲು ಏರಿದ ಮೇಲೆ ಗುಲ್‌ಮೊಹರ್. ಹಾಗಾಗಿ ಬೆಂಗಳೂರಿನ ಹೂವಿನ ಫೋಟೋ ಎಂದರೆ ಅದು ಈ ಊರಿನ ಪಂಚಾಂಗದ ಒಂದು ಪುಟ. ಪ್ರತಿ ವರ್ಷವೂ ಸಾವಿರಾರು ಮಂದಿ ಜಯನಗರದಲ್ಲೋ ಕಬ್ಬನ್ ಪಾರ್ಕಿನಲ್ಲೋ ಆ ಗುಲಾಬಿ ಮರದ ಕೆಳಗೆ ನಿಂತು ಫೋಟೋ ತೆಗೆದು ಹಂಚುತ್ತಾರೆ, ಮತ್ತು ಪ್ರತಿ ವರ್ಷವೂ ಯಾರೋ ಒಬ್ಬರು “ಈ ಸಲ ಬೇಗ ಅರಳಿಬಿಟ್ಟಿದೆ” ಎನ್ನುತ್ತಾರೆ. ಬೇಗ ಎಂದರೆ ಯಾವುದಕ್ಕಿಂತ ಬೇಗ? ಎರಡು ವರ್ಷದ ಹಿಂದಿನ ಫೋಟೋ ನಿಮ್ಮಲ್ಲಿಯೇ ಇದೆ, ಪಕ್ಕದ ಮನೆಯವರಲ್ಲಿಯೂ ಇದೆ, ಆದರೆ ಯಾವುದರ ಮೇಲೂ ತಾರೀಖಿಲ್ಲ. ಇಷ್ಟೊಂದು ಕಣ್ಣುಗಳು ನೋಡಿ, ಇಷ್ಟೊಂದು ಕೈಗಳು ಹಂಚಿದ ಮೇಲೂ ನಮಗೆ ಒಂದು ಮರದ ಹೂ ಬಿಡುವ ಕಾಲ ಹಿಂದೆ ಸರಿದಿದೆಯೋ ಮುಂದೆ ಸರಿದಿದೆಯೋ ಹೇಳಲಾಗದು ಎಂದರೆ, ಇದು ನನಗೆ ನೋವಿನ ಸಂಗತಿ. ಮರಗಳು ಯಾವ ವಾರದಲ್ಲಿ ಚಿಗುರಿದವು, ಹೂ ಬಿಟ್ಟವು, ಕಾಯಿ ಕಟ್ಟಿದವು ಎಂದು ಜನರೇ ದಾಖಲಿಸುವ ಸೀಸನ್‌ವಾಚ್ ಎಂಬ ಯೋಜನೆ ನಮ್ಮ ದೇಶದಲ್ಲಿ ಬಹಳ ಕಾಲದಿಂದ ನಡೆಯುತ್ತಿದೆ. ಅವರಿಗೆ ಬೇಕಾಗಿರುವುದು ದುಬಾರಿ ಕ್ಯಾಮೆರಾ ಅಲ್ಲ. ಮರ, ಜಾಗ, ದಿನ, ಇಷ್ಟೇ.

ನನ್ನ ಸೋದರತ್ತೆಯವರ ಮನೆಯಲ್ಲಿ, ಬಸವನಗುಡಿಯಲ್ಲಿ, ಒಂದು ಹಳೆಯ ಆಲ್ಬಮ್ ಇದೆ. ಕಪ್ಪು ಹಾಳೆ, ಅದರ ನಡುವೆ ಬೆಣ್ಣೆ ಕಾಗದ, ಮೂಲೆಗಳಿಗೆ ಅಂಟಿಸಿದ ತ್ರಿಕೋನದ ಚೀಟಿಗಳು. ಅತ್ತೆ ಪ್ರತಿಯೊಂದು ಫೋಟೋದ ಬೆನ್ನಿಗೂ ಶಾಯಿಯಲ್ಲಿ ಬರೆದಿಟ್ಟಿದ್ದಾರೆ. ಒಂದರ ಹಿಂದೆ “ದೀಪಾವಳಿ 1978, ಮನೆಯ ಹಿತ್ತಲು” ಎಂದಿದೆ. ಮುಂದೆ ಸಾಲಾಗಿ ನಿಂತ ಮಕ್ಕಳು, ಹಿಂದೆ ಹೆಂಚಿನ ಮಾಡು, ಮಾಡಿನ ಅಂಚಿನಲ್ಲಿ ಗುಬ್ಬಚ್ಚಿಗಳು. ಅಂದು ಗುಬ್ಬಚ್ಚಿಯ ಫೋಟೋ ತೆಗೆಯಬೇಕೆಂದು ಯಾರೂ ಅಂದುಕೊಂಡಿರಲಿಲ್ಲ. ಮಕ್ಕಳ ಹೊಸ ಬಟ್ಟೆಯೇ ಅವರಿಗೆ ಮುಖ್ಯವಾಗಿತ್ತು. ಆದರೂ 1978ರ ದೀಪಾವಳಿಯಂದು ಬಸವನಗುಡಿಯ ಆ ಹಿತ್ತಲಿನಲ್ಲಿ ಗುಬ್ಬಚ್ಚಿಗಳಿದ್ದವು ಎಂಬುದಕ್ಕೆ ಅದು ಸಾಕ್ಷಿ. ಇದೇ ಚಿತ್ರ ಬೆನ್ನ ಮೇಲಿನ ಆ ಒಂದು ಸಾಲು ಇಲ್ಲದೆ ಉಳಿದಿದ್ದರೆ, ಯಾವುದೋ ಕಾಲದ ಯಾವುದೋ ಊರಿನ ಮಕ್ಕಳು ಎಂದು ಮುಗಿಸಿಬಿಡುತ್ತಿದ್ದೆವು.

ಗುಬ್ಬಚ್ಚಿಯ ಮಾತು ಬಂದದ್ದರಿಂದ ಹೇಳುತ್ತೇನೆ. “ಗುಬ್ಬಚ್ಚಿ ಇಲ್ಲವಾಯಿತು” ಎಂದು ಎಲ್ಲರೂ ಹೇಳುತ್ತಾರೆ. ಆದರೆ 2020ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಹೇಳಿದ್ದು ಬೇರೆ: ಒಟ್ಟು ದೇಶದಲ್ಲಿ ಗುಬ್ಬಚ್ಚಿ ಹೆಚ್ಚು ಕಡಿಮೆ ಸ್ಥಿರವಾಗಿದೆ, ಕುಸಿತ ಕಾಣುತ್ತಿರುವುದು ದೊಡ್ಡ ನಗರಗಳಲ್ಲಿ. ಇದನ್ನು ಯಾರು ಕಂಡುಹಿಡಿದರು? ದಿನ, ಜಾಗ ಬರೆದು, ಕಂಡ ಹಕ್ಕಿಗಳ ಪಟ್ಟಿಯನ್ನು ಇ-ಬರ್ಡ್ ಎಂಬ ಜಾಲತಾಣಕ್ಕೆ ಸೇರಿಸಿದ ನನ್ನ ನಿಮ್ಮಂಥ ಜನ. 2023ರ ವರದಿಯ ಹಿಂದೆ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಕಳುಹಿಸಿದ ಸುಮಾರು ಮೂರು ಕೋಟಿ ದಾಖಲೆಗಳಿದ್ದವು, ಮತ್ತು ಅದರಲ್ಲಿ 942 ಜಾತಿಯ ಹಕ್ಕಿಗಳ ಸ್ಥಿತಿಯನ್ನು ತೂಗಿ ನೋಡಲಾಯಿತು. ನಮ್ಮ ರಾಜ್ಯಪಕ್ಷಿ ನೀಲಕಂಠ ಕಡಿಮೆಯಾಗುತ್ತಿದೆ ಎಂದು ಎಚ್ಚರಿಸಿದ್ದೂ ಅದೇ ವರದಿ. ಆ ಮೂರು ಕೋಟಿಯಲ್ಲಿ ಊರು ತಾರೀಖು ಇಲ್ಲದ ಸೊಬಗಿನ ಚಿತ್ರಗಳಿಗೆ ಜಾಗವಿಲ್ಲ.

ಈಗ ಕೆಲವರು ಹೇಳುವುದುಂಟು: ಹುಲಿ, ಚಿರತೆಯಾದರೆ ಬರೆಯೋಣ, ಕಾಗೆಗೂ ಪಾರಿವಾಳಕ್ಕೂ ತಾರೀಖು ಏಕೆ ಎಂದು. ಇದು ಪೂರ್ತಿ ತಲೆಕೆಳಗಾದ ವಾದ. ಹುಲಿಯನ್ನು ನಾಲ್ಕು ವರ್ಷಕ್ಕೊಮ್ಮೆ ಸರ್ಕಾರವೇ ಎಣಿಸುತ್ತದೆ. ಕಾಡಿನ ದಾರಿಗಳಲ್ಲಿ ಕ್ಯಾಮೆರಾ ಟ್ರ್ಯಾಪ್ ಕಟ್ಟಿ, ಮೈಮೇಲಿನ ಪಟ್ಟೆಗಳನ್ನು ಹೋಲಿಸಿ, 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳ ಅಂದಾಜು 563 ಎಂದು ಲೆಕ್ಕ ಹಾಕಿದ್ದಾರೆ. ಆ ಕ್ಯಾಮೆರಾಗಳು ತೆಗೆದ ಚಿತ್ರದ ಜೊತೆಗೆ ದಿನ, ಹೊತ್ತು ದಾಖಲಾಗಿರುತ್ತವೆ. ನಿಮ್ಮ ಬೀದಿಯ ಗೊರವಂಕಕ್ಕೆ, ನುಗ್ಗೆ ಹೂವಿಗೆ ಬರುವ ಸೂರಕ್ಕಿಗೆ, ಸೆಪ್ಟೆಂಬರಿನಲ್ಲಿ ಹಿಮಾಲಯದ ಕಡೆಯಿಂದ ಬಂದು ನಿಮ್ಮ ಮೋರಿಯ ಪಕ್ಕದಲ್ಲಿ ಬಾಲ ಕುಣಿಸುವ ಬೂದು ಸಿಪಿಲೆಗೆ ಯಾವ ಇಲಾಖೆಯೂ ಕ್ಯಾಮೆರಾ ಕಟ್ಟುವುದಿಲ್ಲ. ಅವುಗಳಿಗೆ ಇರುವವರು ನೀವೊಬ್ಬರೇ. ಹುಲಿಯ ಚಿತ್ರಕ್ಕೆ ತಾರೀಖು ಬರೆಯುವುದನ್ನು ಬೇಕಾದರೆ ಮರೆಯಿರಿ, ಆ ಸಿಪಿಲೆಯ ಚಿತ್ರಕ್ಕೆ ಮಾತ್ರ ಮರೆಯಬೇಡಿ.

ಇನ್ನೊಂದು ಮಾತು ಪದೇ ಪದೇ ಬರುತ್ತದೆ: “ಅದೆಲ್ಲ ಫೋನಿನಲ್ಲೇ ಇರುತ್ತದೆ, ನಾವೇಕೆ ಬರೆಯಬೇಕು?” ನಿಮ್ಮ ಫೋನಿನೊಳಗೆ ಇರುತ್ತದೆ, ಒಪ್ಪುತ್ತೇನೆ. ಫೋಟೋದ ಕಡತದಲ್ಲೇ ತೆಗೆದ ದಿನ, ಹೊತ್ತು, ನೀವು ಅನುಮತಿ ಕೊಟ್ಟಿದ್ದರೆ ಜಾಗವೂ ಸೇರಿಕೊಂಡಿರುತ್ತದೆ. ಆದರೆ ಅದನ್ನು ವಾಟ್ಸಾಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದ ಕ್ಷಣವೇ ಆ ಮಾಹಿತಿಯೆಲ್ಲ ಕಳಚಿಹೋಗುತ್ತದೆ. ಅದಕ್ಕಿಂತ ದೊಡ್ಡ ಅನಾಹುತವೆಂದರೆ, ಪಡೆದವರ ಆಂಡ್ರಾಯ್ಡ್ ಫೋನಿನಲ್ಲಿ ಆ ಕಡತಕ್ಕೆ ಹೊಸ ಹೆಸರು ಬರುತ್ತದೆ, ಮತ್ತು ಆ ಹೆಸರಿನಲ್ಲಿ ಕಾಣುವ ತಾರೀಖು ಚಿತ್ರ ಬಂದು ತಲುಪಿದ ದಿನದ್ದು, ತೆಗೆದ ದಿನದ್ದಲ್ಲ. ಐದು ವರ್ಷದ ಹಿಂದಿನ ಮಳೆಯ ಚಿತ್ರ ಇಂದಿನ ತಾರೀಖು ಹೊತ್ತು ಕುಳಿತಿರುತ್ತದೆ. ಸ್ಕ್ರೀನ್‌ಶಾಟ್ ತೆಗೆದರೂ ಅದೇ ಕಥೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಮಾಹಿತಿ ಉಳಿಯುತ್ತದೆ, ಆದರೆ ಹಾಗೆ ಕಳುಹಿಸುವವರು ಎಷ್ಟು ಮಂದಿ? ಯಂತ್ರ ಬರೆದುಕೊಂಡಿದೆ ಎಂಬ ನೆಮ್ಮದಿ ಸುಳ್ಳು ನೆಮ್ಮದಿ. ಬೆರಳಿನಿಂದ ಬರೆಯಿರಿ.

ಕಳೆದ ತಿಂಗಳು ನಮ್ಮ ಬಡಾವಣೆಯ ಗುಂಪಿನಲ್ಲಿ ಕಾಂಪೌಂಡಿನ ಮೇಲೆ ನಿಂತ ಚಿರತೆಯ ಫೋಟೋ ಬಂತು. ಊರಿಲ್ಲ, ದಿನವಿಲ್ಲ, “ಎಚ್ಚರ” ಎಂಬ ಒಂದೇ ಮಾತು. ಸಂಜೆ ಪಾರ್ಕು ಖಾಲಿ, ಮಕ್ಕಳು ಮನೆಯೊಳಗೆ, ವಯಸ್ಸಾದವರ ನಡಿಗೆ ನಿಂತುಹೋಯಿತು. ಕೊನೆಗೆ ನೋಡಿದರೆ ಅದು ಹಿಂದೆ ಇನ್ನೊಂದು ಗುಂಪಿನಲ್ಲಿ ಓಡಾಡಿದ್ದ ಚಿತ್ರ. ಚಿರತೆ ಬರುವುದೇ ಇಲ್ಲ ಎಂದು ತಳ್ಳಿಹಾಕಲೂ ಆಗದ ಊರು ನಮ್ಮದು. ಬನ್ನೇರುಘಟ್ಟದ ಕಾಡು ನಮ್ಮ ಅಂಚಿಗೇ ಇದೆ, 2023ರಲ್ಲಿ ಕೂಡ್ಲು ಗೇಟಿನ ಬಳಿ ನಿಜವಾಗಿಯೇ ಚಿರತೆ ಬಂದಿತ್ತು. ನಿಜವಾದ ಎಚ್ಚರಿಕೆ ಬೇಕಾಗಿರುವ ಊರಿನಲ್ಲಿ ಊರು ತಾರೀಖು ಇಲ್ಲದ ಚಿತ್ರ ಹಂಚುವುದು ಬೇಜವಾಬ್ದಾರಿ. ಇದಕ್ಕಿಂತ ಮೃದುವಾದ ಮಾತನ್ನು ನಾನು ಆಡುವುದಿಲ್ಲ.

ಬೆಳ್ಳಂದೂರು ಕೆರೆಯನ್ನು ನೆನಪಿಸಿಕೊಳ್ಳಿ. ನೊರೆ ರಸ್ತೆಗೆ ಉಕ್ಕಿದಾಗ, 2017ರ ಫೆಬ್ರುವರಿಯಲ್ಲಿ ಕೆರೆಗೆ ಬೆಂಕಿ ಹೊತ್ತಿಕೊಂಡಾಗ, ಅಕ್ಕಪಕ್ಕದ ನಿವಾಸಿಗಳು ತಮ್ಮ ಫೋನಿನಲ್ಲಿ ತೆಗೆದ ಚಿತ್ರಗಳನ್ನು ಹಂಚಿದರು. “ಬೆಳ್ಳಂದೂರು, ಇಂದು ಸಂಜೆ” ಎಂದು ಬರೆದ ಚಿತ್ರವನ್ನು ಯಾವ ಅಧಿಕಾರಿಯೂ ಬೇರೆ ಊರಿನದೆಂದು ತಳ್ಳಿಹಾಕಲಾರ. ಆ ಮೂರು ಪದಗಳು ಇಲ್ಲದಿದ್ದರೆ ಅದು ಬರಿಯ ಹೊಗೆಯ ಚಿತ್ರ.

ಇನ್ನು, ಜಾಗ ಹೇಳಿದರೆ ಪ್ರಾಣಿಗೆ ಅಪಾಯ ಎನ್ನುವವರಿಗೆ. ಇದೊಂದೇ ಪ್ರಶ್ನೆಗೆ ನಾನು ಗೌರವ ಕೊಡುತ್ತೇನೆ. ಕಾಡುಪಾಪದ ಕುರಿತ ಸಂಚಿಕೆಯಲ್ಲಿ ನಾನು ಇದನ್ನು ವಿವರವಾಗಿ ಹೇಳಿದ್ದೇನೆ, ನೋಡಿಲ್ಲದವರು ದಯವಿಟ್ಟು ನೋಡಿ. ಮಾಟ ಮಂತ್ರಕ್ಕೆಂದು ಕಾಡುಪಾಪವನ್ನು ಹಿಡಿಯುವ ದುಷ್ಟರಿದ್ದಾರೆ. ಗೂಬೆಗಳ ಪಾಡೂ ಅದೇ. ಗೂಡಿನ ಗುರುತನ್ನು ಬೀದಿಯ ಹೆಸರಿನೊಂದಿಗೆ ಬರೆಯುವುದು ಖಂಡಿತ ತಪ್ಪು. ಅಂಥ ಜೀವಿಯಾದರೆ “ಬೆಂಗಳೂರು, ಉತ್ತರ ಭಾಗ” ಎಂದಷ್ಟೇ ಬರೆಯಿರಿ. ಜನರು ತಾವು ಕಂಡ ಜೀವಿಗಳ ಚಿತ್ರ ಸೇರಿಸುವ ಐನ್ಯಾಚುರಲಿಸ್ಟ್ ಎಂಬ ಜಾಲತಾಣದಲ್ಲಿ ಅಪಾಯದಲ್ಲಿರುವ ಜೀವಿಗಳ ಜಾಗವನ್ನು ತಾನಾಗಿಯೇ ಇಪ್ಪತ್ತು ಕಿಲೋಮೀಟರಿನಷ್ಟು ಅಗಲದ ಚೌಕದೊಳಗೆ ಮರೆಮಾಡುವ ವ್ಯವಸ್ಥೆಯಿದೆ. ಅದೇ ವೇದಿಕೆ ದಿನ, ಜಾಗ ಇಲ್ಲದ ಚಿತ್ರವನ್ನು ಸಂಶೋಧನೆಗೆ ಯೋಗ್ಯವಾದ ದರ್ಜೆಗೆ ಏರಿಸುವುದಿಲ್ಲ. ಆದರೆ ಕಾಡುಪಾಪದ ನೆಪ ಹೇಳಿಕೊಂಡು ದಾಸವಾಳದ ಫೋಟೋಗೂ ಊರು ಬರೆಯದವರನ್ನು ನಾನು ನೋಡಿದ್ದೇನೆ. ದಾಸವಾಳವನ್ನು ಯಾರು ಕದ್ದೊಯ್ಯುತ್ತಾರೆ? ತಾರೀಖಿನಿಂದ ಯಾವ ಜೀವಿಗೆ ಅಪಾಯವಾಗಿದೆ?

“ಅಂದ ತಾನೇ ಮಾತನಾಡುತ್ತದೆ, ಕೆಳಗೆ ಅಕ್ಷರ ಹಾಕಿದರೆ ರಸಭಂಗ” ಎನ್ನುವವರೂ ಇದ್ದಾರೆ. ಒಂದು ಸಾಲಿಗೆ ಕೆಡುವ ಅಂದ ಎಂಥ ಅಂದ! ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಹೆಸರನ್ನು ಯಾರಾದರೂ ಆಮೇಲೆ ಹೇಳುತ್ತಾರೆ. ಯಾವ ದಿನ, ಎಲ್ಲಿ ಎಂಬುದನ್ನು ಜಗತ್ತಿನಲ್ಲಿ ನೀವೊಬ್ಬರೇ ಹೇಳಬಲ್ಲಿರಿ. ಹಿಂದೆ ವಸ್ತುಸಂಗ್ರಹಾಲಯಕ್ಕೆ ಹಕ್ಕಿಗಳನ್ನು ಸಂಗ್ರಹಿಸುತ್ತಿದ್ದವರು ಪ್ರತಿ ಹಕ್ಕಿಯ ಕಾಲಿಗೂ ಊರು, ದಿನ ಬರೆದ ಚೀಟಿ ಕಟ್ಟುತ್ತಿದ್ದರು. ಆ ಚೀಟಿ ಕಳೆದರೆ ಹಕ್ಕಿಯ ಚರ್ಮಕ್ಕೆ ಶಾಸ್ತ್ರದಲ್ಲಿ ಬೆಲೆಯಿರಲಿಲ್ಲ. ಸಮಯವಿಲ್ಲ ಎನ್ನಬೇಡಿ. ಚಿತ್ರಕ್ಕೆ ಬಣ್ಣ ಏರಿಸಲು, ಮೂಲೆಯಲ್ಲಿ ನಿಮ್ಮ ಹೆಸರಿನ ಮುದ್ರೆ ಒತ್ತಲು ಸಮಯವಿದೆ. ನಿಮ್ಮ ಹೆಸರು ಬರೆಯಲು ಇರುವ ಸಮಯ ಆ ಊರಿನ ಹೆಸರು ಬರೆಯಲು ಏಕಿಲ್ಲ? ಬರೆಯಿರಿ. ಸುಮ್ಮನೆ ಬರೆಯಿರಿ.

ಹಳೆಯ ಆಲ್ಬಮ್‌ಗಳಿರುವ ಮನೆಗಳಿಗೆ ನನ್ನದು ವಿಶೇಷ ಬೇಡಿಕೆ. ಮನೆಯ ಹಿರಿಯರು ಇರುವಾಗಲೇ ಅವರ ಪಕ್ಕ ಕುಳಿತು, ಇದು ಯಾವ ಕೆರೆ, ಯಾವ ವರ್ಷ, ಹಿಂದೆ ಕಾಣುವ ಮರ ಯಾವುದು ಎಂದು ಕೇಳಿ ಬೆನ್ನ ಮೇಲೆ ಬರೆದಿಡಿ. ವರ್ಷ ಸರಿಯಾಗಿ ನೆನಪಿಲ್ಲದಿದ್ದರೆ “ಅಣ್ಣನ ಮದುವೆಯ ವರ್ಷ” ಎಂದಾದರೂ ಬರೆಯಿರಿ, ಲೆಕ್ಕ ಆಮೇಲೆ ಹಾಕಬಹುದು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾದ ಊರಿದು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದ ಊರಿದು. ನಿಮ್ಮ ಮನೆಯ ಮೂಲೆಯಲ್ಲಿರುವ ಮಸುಕು ಚಿತ್ರದಲ್ಲಿ ಯಾವ ಕೆರೆಯ ಏರಿ ಉಳಿದಿದೆಯೋ ಯಾರಿಗೆ ಗೊತ್ತು.

ಮುಂದಿನ ಭಾನುವಾರದ ಸಂಚಿಕೆ ಪೂರ್ತಿ ನಿಮ್ಮ ಚಿತ್ರಗಳದ್ದೇ. ನಿಮ್ಮ ಬೀದಿಯ ಕೆರೆ, ಮರ, ಹಕ್ಕಿ, ಹಿತ್ತಲು, ಹಳೆಯದಾಗಲಿ ಹೊಸದಾಗಲಿ, ಶುಕ್ರವಾರದೊಳಗೆ ಕಳುಹಿಸಿ. ವಿಳಾಸ ವಿಡಿಯೋದ ಕೆಳಗಿದೆ. ಇನ್ನೂ ಚಂದಾದಾರರಾಗಿಲ್ಲದವರು ಆಗಿಬಿಡಿ, ಪಕ್ಕದ ಗಂಟೆಯನ್ನೂ ಒತ್ತಿ. ಮಸುಕಾದ ಚಿತ್ರವನ್ನು ತೋರಿಸುತ್ತೇನೆ, ಓರೆಯಾದದ್ದನ್ನು ತೋರಿಸುತ್ತೇನೆ, ಅರ್ಧ ಕಾಗೆ ಮಾತ್ರ ಬಿದ್ದಿರುವುದನ್ನೂ ತೋರಿಸುತ್ತೇನೆ. ಊರು ತಾರೀಖು ಇಲ್ಲದೆ ಬಂದದ್ದನ್ನು ಮಾತ್ರ, ಅದು ಬಂಡೀಪುರದ ಹುಲಿಯೇ ಆಗಿದ್ದರೂ, ತೋರಿಸುವುದಿಲ್ಲ.