ಹರಿಹರದ ಹೊಸ ನೀರು

ಕೇಳುಗರಿಗೆ ನಮಸ್ಕಾರ.

ಮುಂಗಾರು ಹಿಡಿದ ಮೊದಲ ವಾರಗಳಲ್ಲಿ ಹರಿಹರದ ಸೇತುವೆಯ ಮೇಲೆ ಜನ ಹೊಳೆ ನೋಡಲು ನಿಲ್ಲುತ್ತಾರೆ. ಊರಿನಲ್ಲಿ ಹದವಾದ ಮಳೆ ಬೀಳದಿದ್ದರೂ ಹೊಸ ನೀರು ಬಂದಿರುತ್ತದೆ. ಭದ್ರೆಯನ್ನು ಲಕ್ಕವಳ್ಳಿಯ ಅಣೆಕಟ್ಟು ತಡೆದಿಟ್ಟುಕೊಳ್ಳುವುದರಿಂದ ಈ ಮೊದಲ ನೀರು ಬಹುಪಾಲು ತುಂಗೆಯದು. ಒಂದು ಗಾಜಿನ ಲೋಟದಲ್ಲಿ ಹಿಡಿದು ರಾತ್ರಿಯಿಡೀ ಬಿಟ್ಟು ನೋಡಿ. ಬೆಳಗಾಗುವಷ್ಟರಲ್ಲಿ ತಳದಲ್ಲಿ ನುಣ್ಣನೆಯ ಕೆಸರು ಕೂತಿರುತ್ತದೆ. ಘಟ್ಟದ ಇಳಿಜಾರುಗಳ ಮೇಲ್ಮಣ್ಣು ಅದರಲ್ಲಿದೆ.

ದಟ್ಟ ಕಾಡಿನಲ್ಲಿ ಮಳೆಹನಿ ಎಲೆಗೆ ಬಡಿದು, ತರಗೆಲೆಯ ಮೇಲೆ ಬಿದ್ದು, ಬೇರು, ಎರೆಹುಳು, ಗೆದ್ದಲು ಮಾಡಿದ ತೂತುಗಳಲ್ಲಿ ಇಂಗುತ್ತದೆ. ಅದೇ ಗುಡ್ಡ ಬೋಳಾದರೆ ಹನಿ ಮಣ್ಣನ್ನು ಕುಟ್ಟಿ, ಅದರ ರಂಧ್ರಗಳನ್ನು ಮುಚ್ಚಿ, ಮೇಲಿಂದಲೇ ಓಡುತ್ತದೆ. ಶುಂಠಿಯನ್ನೇ ನೋಡಿ. ನೀರು ನಿಂತರೆ ಗೆಡ್ಡೆಗೆ ಕೊಳೆರೋಗ. ಆ ಭಯಕ್ಕೆ ಕಾಲುವೆಗಳನ್ನು ಇಳಿಜಾರಿನ ದಿಕ್ಕಿಗೇ ತೆಗೆಯುವವರಿದ್ದಾರೆ. ಬೆಳೆ ಉಳಿಯುತ್ತದೆ, ಮಣ್ಣು ಹಳ್ಳ ಸೇರುತ್ತದೆ. ಬೆಳೆಗಾರನನ್ನು ದೂರಿ ಫಲವಿಲ್ಲ. ಅವನ ಲೆಕ್ಕ ಒಂದು ವರ್ಷದ್ದು.

ಕಾಡು ಕಡಿದರೆ ಹೊಳೆಯ ನೀರೇ ಕಡಿಮೆಯಾಗುತ್ತದೆ ಎನ್ನುವುದು ಅರ್ಧ ಸತ್ಯ. ಮರಗಳೂ ನೀರು ಕುಡಿಯುತ್ತವೆ. ಹಾಗಾಗಿ ಕಡಿದ ಬೆಟ್ಟದಿಂದ ವರ್ಷದ ಒಟ್ಟು ಲೆಕ್ಕದಲ್ಲಿ ಹೆಚ್ಚೇ ಹರಿಯಬಹುದು. ಆದರೆ ಅದು ಜುಲೈನಲ್ಲಿ ಒಮ್ಮೆಗೇ ನುಗ್ಗಿ ಹೋಗುತ್ತದೆ. ನಮಗೆ ಬೇಕಾದದ್ದು ಏಪ್ರಿಲ್‌ನಲ್ಲಿ. ರಾಜನಹಳ್ಳಿಯಲ್ಲಿ ನೀರೆತ್ತಿ ದಾವಣಗೆರೆಯ ನಲ್ಲಿಗಳಿಗೆ ಬಿಡುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಕೆಸರಿನ ಕಥೆ ಹೊಸಪೇಟೆಯಲ್ಲಿ ಮುಂದುವರಿಯುತ್ತದೆ. 1953ರಲ್ಲಿ ನೀರು ನಿಲ್ಲಿಸಿದಾಗ ತುಂಗಭದ್ರಾ ಜಲಾಶಯ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಈಗ ಹಿಡಿಯುವುದು 105ರ ಆಸುಪಾಸು. ಉಳಿದ ಜಾಗವೆಲ್ಲ ಹೂಳು. ತೆಗೆಯೋಣ ಎಂಬ ಮಾತು ಆಗಾಗ ಏಳುತ್ತದೆ. ತೆಗೆದದ್ದನ್ನು ಸುರಿಯುವುದೆಲ್ಲಿ ಎಂದು ಕೇಳಿದರೆ ಸಭೆ ಗಪ್‌ಚಿಪ್!

ಹೊಳಲ್ಕೆರೆ, ಚನ್ನಗಿರಿ ಕಡೆಯ ನಮ್ಮ ಗುಡ್ಡದಂಚಿನ ಹೊಲಗಳೇನೂ ಇದಕ್ಕೆ ಹೊರತಲ್ಲ. ಬಿತ್ತನೆ ಹತ್ತಿರ ಬಂದಿದೆ. ನೇಗಿಲಾಗಲಿ ಟ್ರ್ಯಾಕ್ಟರಾಗಲಿ, ಇಳಿಜಾರಿಗೆ ಅಡ್ಡಲಾಗಿ ಹೊಡೆಯಿರಿ. ತಿರುಗಿಸಲು ತುಸು ಹೆಚ್ಚು ಹೊತ್ತು ಹಿಡಿದೀತು. ಬದುವಿನ ಮೇಲೆ ಲಾವಂಚ ನೆಟ್ಟರೆ ಬೇರು ನೆಟ್ಟಗೆ ಕೆಳಗಿಳಿದು ಮಣ್ಣು ಹಿಡಿಯುತ್ತದೆ. ಸಸಿಗಳನ್ನು ಒತ್ತೊತ್ತಾಗಿ ನೆಡಬೇಕು. ನಡುವೆ ಸಂದು ಬಿಟ್ಟರೆ ನೀರು ಅಲ್ಲೇ ಕೊರಕಲು ಮಾಡುತ್ತದೆ.

ನಮಸ್ಕಾರ.